ಹಿಮ ಹೆಚ್ಚಾದಾಗ ಜಿಂಕೆಗಳಿಗೆ ಮೇವು ಹಾಕಬೇಕೇ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಜಮೀನಿಗೆ ಅಂಟಿದ ಕಾಡಿನಲ್ಲಿ ಬಿಳಿಬಾಲದ ಜಿಂಕೆಗಳಿವೆ. ಮೊನ್ನೆಮೊನ್ನೆಯವರೆಗೂ ಹಿಮ ಕೆದರಿ ಓಕ್ ಕಾಯಿ ತಿನ್ನುತ್ತಿದ್ದವು, ಈಗ ಆ ಕಡೆ ಸುಳಿಯುತ್ತಿಲ್ಲ. ಮೆಕ್ಕೆಜೋಳ ಹಾಕಲೇ?

ಉತ್ತರ: ಮೊದಲು ಹಿಮದ ಆಳ ಅಳೆಯಿರಿ, ಮೇಲ್ಪದರವನ್ನೂ ಒತ್ತಿ ನೋಡಿ. ತೆಳುವಾದ ಪುಡಿಹಿಮವನ್ನು ಮುಂಗಾಲಿನಿಂದ ಸಲೀಸಾಗಿ ಕೆದರುತ್ತವೆ. 40–50 ಸೆಂ.ಮೀ. ಆದರೆ ಎದೆಮಟ್ಟ ಬಂದಂತೆಯೇ. ನಡೆಯಲು ಸುಡುವ ಕೊಬ್ಬು, ಮೇವು ತಿಂದು ಗಳಿಸುವುದಕ್ಕಿಂತ ಹೆಚ್ಚಾಗುತ್ತದೆ. ಆಗ ಹೆಮ್ಲಾಕ್, ಸೀಡರ್‌ನಂಥ ದಟ್ಟ ಮರಗಳ ಕೆಳಗೆ ಸೇರುತ್ತವೆ. ಅಲ್ಲಿ ಕೊಂಬೆಗಳೇ ಹಿಮ ಹಿಡಿದಿಡುತ್ತವೆ, ಗಾಳಿಯೂ ಕಡಿಮೆ. ತುಳಿದು ಗಟ್ಟಿಮಾಡಿದ ಜಾಡುಗಳಲ್ಲೇ ಓಡಾಡುತ್ತ ಬಾಯಿಗೆ ಎಟುಕುವ ಕಡ್ಡಿ, ಮೊಗ್ಗು ತಿನ್ನುತ್ತವೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಮೇಲೆ ಹಕ್ಕಳೆ ಕಟ್ಟಿದರೆ ಇನ್ನೂ ಕಷ್ಟ: ಜಿಂಕೆಯ ಗೊರಸು ಒಳಗೆ ಕುಸಿಯುತ್ತದೆ, ತೋಳದ ಅಗಲ ಪಾದ ಮೇಲೆಯೇ ನಿಲ್ಲುತ್ತದೆ.

ಉತ್ತರ: ದಯವಿಟ್ಟು ಜೋಳ ಹಾಕಬೇಡಿ. ಚಳಿಗಾಲದಲ್ಲಿ ಅವುಗಳ ಹೊಟ್ಟೆಯ ಸೂಕ್ಷ್ಮಾಣುಗಳು ಕಡ್ಡಿ ಜೀರ್ಣಿಸಲು ಹೊಂದಿಕೊಂಡಿರುತ್ತವೆ; ಬದಲಾಗಲು ವಾರಗಳೇ ಬೇಕು. ಒಮ್ಮೆಲೇ ಜೋಳದ ಪಿಷ್ಟ ಬಿದ್ದರೆ ಲ್ಯಾಕ್ಟಿಕ್ ಆಮ್ಲ ಏರಿ, ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಂಡು, ಒಂದೆರಡು ದಿನದಲ್ಲೇ ಸಾಯಬಹುದು. ಒಣಹುಲ್ಲೂ ಪರಿಹಾರವಲ್ಲ; ಹೊಟ್ಟೆ ತುಂಬ ಹುಲ್ಲಿದ್ದೂ ಹಸಿವಿನಿಂದ ಸತ್ತ ಜಿಂಕೆಗಳು ಸಿಗುತ್ತವೆ. ಒಂದೇ ಕಡೆ ಗುಂಪುಗೂಡಿದರೆ ರೋಗ ಹರಡುತ್ತದೆ, ಬಲಿಷ್ಠವಾದವು ತಿಂದು ಮರಿಗಳು ಹಿಂದುಳಿಯುತ್ತವೆ. ಚಳಿಗಾಲದಲ್ಲಿ ಜಿಂಕೆ ಕಡಿಮೆ ತಿನ್ನುವುದು ಸಹಜ, ಶರತ್ಕಾಲದ ಕೊಬ್ಬೇ ಅದರ ಆಸರೆ.

ಪ್ರಶ್ನೆ ಕೇಳಿದವರು: ಹಾಗಾದರೆ ಮೇವು ಸಾಕಷ್ಟಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಉತ್ತರ: ಕಡ್ಡಿಯ ತುದಿ ನೋಡಿ. ಜಿಂಕೆಗೆ ಮೇಲಿನ ಬಾಚಿಹಲ್ಲಿಲ್ಲ, ಕಚ್ಚಿ ಎಳೆಯುತ್ತದೆ. ತುದಿ ಸಿಗುರು ಸಿಗುರಾಗಿರುತ್ತದೆ. ಚಾಕುವಿನಲ್ಲಿ ಓರೆಯಾಗಿ ಕೊಯ್ದಂತಿದ್ದರೆ ಅದು ಮೊಲ. ಪೆನ್ಸಿಲ್ ದಪ್ಪದ ಕಡ್ಡಿಗಳನ್ನೂ ತಿಂದಿದ್ದರೆ, ಸಾಮಾನ್ಯವಾಗಿ ಬಿಡುವ ಸ್ಪ್ರೂಸ್‌ಗೂ ಬಾಯಿ ಹಾಕಿದ್ದರೆ ಅಭಾವ ನಿಜ. ಆಗ ಆಸರೆಯ ಮರಗಳ ಪಕ್ಕದಲ್ಲೇ, ಮರ ಕಡಿಯಲು ಅನುಮತಿಯಿದ್ದರೆ, ಕೆಲವು ಮೇಪಲ್ ಕೆಡವಿ ತುದಿಕೊಂಬೆಗಳನ್ನು ಹಾಗೇ ಬಿಡಿ. ಅದು ಅವುಗಳ ಹೊಟ್ಟೆಗೆ ಒಗ್ಗಿದ ಮೇವು. ಸೀಡರ್, ಹೆಮ್ಲಾಕ್ ಮಾತ್ರ ಕಡಿಯಬೇಡಿ, ಆಸರೆ ಹೋಗುತ್ತದೆ. ನಾಯಿಯನ್ನು ಕಟ್ಟಿಹಾಕಿ, ಆಳದ ಹಿಮದಲ್ಲಿ ಜಿಂಕೆ ಒಂದು ಸಲ ಬೆದರಿ ಓಡಿದರೂ ಉಳಿಸಿಕೊಂಡ ಕೊಬ್ಬು ಕರಗುತ್ತದೆ.