ಭಾವ, ನಾಟಕ ಯಾಕೆ ಅಂತ ಕೇಳಿದ್ದಿರಲ್ಲ

ಭಾವ, ನಮಸ್ಕಾರ. ಶಿಫ್ಟ್ ಮುಗಿಸಿ ವಸಂತನರಸಾಪುರದ ಫ್ಯಾಕ್ಟರಿಯಿಂದ ಬರುವಾಗ ಫ್ಯಾಮಿಲಿ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ಕೇಳಿದೆ. ಹಗಲೆಲ್ಲ ದುಡಿದು, ರಾತ್ರಿ ನಿದ್ದೆಗೆಟ್ಟು, ಮೇಲೆ ದುಡ್ಡು ಬೇರೆ ಕಟ್ಟಿ 'ಕುರುಕ್ಷೇತ್ರ' ಆಡುವುದು ಯಾವ ಹುಚ್ಚು ಅಂದಿದ್ದೀರಿ. ಈಗ ಊಟ ಆಯ್ತು, ನಿಧಾನಕ್ಕೆ ಹೇಳುತ್ತೇನೆ.

ದುಡ್ಡು ಕಟ್ಟುವುದು ನಿಜ. ಸೀನರಿ, ಡ್ರೆಸ್ಸು, ಮೇಷ್ಟ್ರ ಸಂಭಾವನೆ ಎಲ್ಲಾ ನಮ್ಮ ಜೇಬಿನಿಂದಲೇ ಹೋಗಬೇಕು. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ರೇಟು ಜಾಸ್ತಿ. ನನ್ನದು ಕರ್ಣ. ದುರ್ಯೋಧನ ಯಾರು ಗೊತ್ತಾ? ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಈಗ ಲೈನ್‌ಮ್ಯಾನ್. ಒಂದೇ ಊರಿನಲ್ಲಿದ್ದರೂ ಕರೆಂಟ್ ಹೋದಾಗ ಮಾತ್ರ ಅವನ ಮುಖ ನೋಡುವ ಹಾಗಾಗಿತ್ತು. ನನ್ನ ಶಿಫ್ಟ್ ಬದಲಾಗುತ್ತಿರುತ್ತದೆ, ಅವನಿಗೆ ಹೊತ್ತುಗೊತ್ತಿಲ್ಲ. ತಾಲೀಮು ಅಂದರೆ ಇಬ್ಬರೂ ಬರಲೇಬೇಕು. ದುಡ್ಡು ಕಟ್ಟಿದ್ದೀವಲ್ಲ!

ದೇವಸ್ಥಾನದ ಜಗಲಿಯಲ್ಲಿ ಅವನು ಕೆಲಸದ ಬಟ್ಟೆಯಲ್ಲೇ ಕೂತು ಪದ್ಯ ಎತ್ತುತ್ತಾನೆ. ಶ್ರುತಿ ತಪ್ಪಿದರೆ ಮೇಷ್ಟ್ರು ಬೈಯುವುದಿಲ್ಲ, ಬಾಯಿ ತುಂಬ ಎಲೆಅಡಿಕೆ. ಹಾರ್ಮೋನಿಯಂನ ಒಂದು ಮನೆ ಒತ್ತಿ ಹಿಡಿದು ಸುಮ್ನೆ ಅವನನ್ನೇ ನೋಡುತ್ತಾರೆ. ಅವನು ಆ ಸ್ವರಕ್ಕೆ ಬಂದು ನಿಲ್ಲುವವರೆಗೂ ಬೆರಳು ಎತ್ತುವುದಿಲ್ಲ.

ನನಗೆ ಇಷ್ಟವಾದದ್ದು ಕೃಷ್ಣ ಕರ್ಣನ ಹತ್ತಿರ ಬರುವ ಸೀನು. ನೀನು ಕುಂತಿಯ ಹಿರಿಮಗ, ಈ ಕಡೆ ಬಾ, ರಾಜ್ಯ ನಿನಗೇ ಅನ್ನುತ್ತಾನೆ. ಕರ್ಣ ಒಪ್ಪುವುದಿಲ್ಲ. ಅದು ಸರಿ. ಆದರೆ ಗೆಳೆಯ ಮಾಡುತ್ತಿರುವುದು ಅನ್ಯಾಯ ಅಂತ ಗೊತ್ತಿತ್ತು ತಾನೆ? ಯುದ್ಧ ಬೇಡ ಕಣಪ್ಪ ಅಂತ ಗಟ್ಟಿಯಾಗಿ ಹೇಳಬಹುದಿತ್ತು. ಇದನ್ನು ನಮ್ಮ ದುರ್ಯೋಧನನಿಗೆ ಹೇಳಿದೆ. "ಅಂಗರಾಜ್ಯ ತಿಂದವನು ಹೆಂಗೋ ಹೇಳ್ತಾನೆ? ನಿನ್ನ ಸೂಪರ್‌ವೈಸರ್ ಮುಂದೆ ನೀನು ಹೇಳ್ತೀಯಾ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಆದರೂ ಒಪ್ಪಿಲ್ಲ, ಜಗಳ ಇನ್ನೂ ನಡೀತಿದೆ.

ಯುದ್ಧ ಬರುವುದು ಬೆಳಗಿನ ಜಾವ, ಅರ್ಧ ಜನ ನಿದ್ದೆಗೆ ಬಿದ್ದ ಮೇಲೆ. 18 ದಿನದ ಯುದ್ಧ ಗದೆ ನಾಲ್ಕು ಸಲ ತಾಗುವುದರೊಳಗೆ ಮುಗಿಯುತ್ತದೆ. 1884ರಲ್ಲಿ ಶುರುವಾದ ನಮ್ಮ ಗುಬ್ಬಿ ನಾಟಕ ಕಂಪನಿ ವೀರಣ್ಣನವರ ಕಾಲದಲ್ಲಿ ಇದೇ ಕಥೆಗೆ ನಿಜವಾದ ಆನೆ, ಕುದುರೆ ತಂದಿತ್ತು. ನಮಗೆ ರಟ್ಟಿನ ರಥಕ್ಕೇ ಗತಿಯಿಲ್ಲ, ಬಿಡಿ. ರಾತ್ರಿಯೆಲ್ಲ ನಡೆಯುವುದು ಸಂಧಾನದ ಮಾತೇ. ನಮ್ಮೂರಲ್ಲಿ ಒನ್ಸ್ ಮೋರ್ ಕೂಗುವುದೂ ಅಲ್ಲೇ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ಯಾವುದೋ ದೇಶದಲ್ಲಿ ಬಾಂಬ್ ಬಿದ್ದು ಕಟ್ಟಡ ಕುಸಿಯುವ ವಿಡಿಯೋ ಹಾಕಿ ಕೆಳಗೆ ಚಪ್ಪಾಳೆ ಚಿತ್ರ ಇಟ್ಟಿದ್ದಿರಿ. ನನಗೆ ಹಿಡಿಸಲಿಲ್ಲ. ಮಿಲಿಟರಿಯಲ್ಲಿ ಮಗ ಇರುವ ಚಿಕ್ಕಮ್ಮ ಈ ಗ್ರೂಪಿನಲ್ಲೇ ಇದ್ದಾರೆ. ಅವರಂತೂ ಅಂಥದ್ದನ್ನು ತೆರೆದೂ ನೋಡುವುದಿಲ್ಲ. ಆಗುವುದಾದರೆ ತೆಗೆದುಬಿಡಿ.

ಜಾತ್ರೆಗೆ ಅಕ್ಕನನ್ನೂ ಮಕ್ಕಳನ್ನೂ ಕರ್ಕೊಂಡು ಬನ್ನಿ. ಕರಪತ್ರದಲ್ಲಿ ರಾತ್ರಿ 9 ಗಂಟೆ ಅಂತ ಹಾಕಿಸಿದ್ದೀವಿ, 11ಕ್ಕೆ ಮುಂಚೆ ಪರದೆ ಏಳುವುದಿಲ್ಲ. ಊಟ ನಮ್ಮನೆಯಲ್ಲೇ. ಚಾಪೆ ಮಾತ್ರ ನೀವೇ ತನ್ನಿ.