ಮದುವೆಗೆ ಮುನ್ನ ಸ್ಮೂದನಿಂಗ್, ಬಣ್ಣ, ಮೇಕಪ್: ಕಪ್ಪು ಮೆಹಂದಿ ಹಚ್ಚಿದ ಕೂದಲಿಗೆ ಯಾವುದು ಸರಿ?

ಬೆಣ್ಣೆನಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ವೈಶಾಖದಲ್ಲಿ ನನ್ನ ಮದುವೆ. ಧಾರೆ ದಾವಣಗೆರೆಯಲ್ಲಿ, ಬೆಳಗಿನ ಮುಹೂರ್ತದಲ್ಲಿ ನಡೆಯಲಿದೆ. ಕೆಲಸದ ನಿಮಿತ್ತ ನಾನು ಬೆಂಗಳೂರಿನಲ್ಲಿದ್ದೇನೆ. ನನ್ನ ಕೂದಲು ಸೊಂಟದವರೆಗೆ ಉದ್ದವಾಗಿದ್ದು ಅಲೆಅಲೆಯಾಗಿದೆ. ಬೋರ್‌ವೆಲ್ ನೀರಿನಿಂದಾಗಿ ತುದಿಗಳು ಒರಟಾಗಿವೆ. ಬೈತಲೆಯ ಎರಡೂ ಬದಿ ನರೆ ಬೇಗನೆ ಕಾಣಿಸಿಕೊಂಡದ್ದರಿಂದ ಕಾಲೇಜಿನ ದಿನಗಳಿಂದಲೂ ಪೊಟ್ಟಣದ ಕಪ್ಪು ಮೆಹಂದಿಯನ್ನು ಹಚ್ಚುತ್ತಾ ಬಂದಿದ್ದೇನೆ. ನಡುವೆ ಕೆಲವು ಸಲ ಊರಿನ ಹಸಿ ಗೋರಂಟಿಯನ್ನೂ ಅರೆದು ಹಚ್ಚಿದ್ದುಂಟು.

ಒಂದು ಸಲೂನಿನಲ್ಲಿ ಸ್ಮೂದನಿಂಗ್ (ಕ್ರೀಮು, ಇಸ್ತ್ರಿಯಿಂದ ಕೂದಲು ನೇರಗೊಳಿಸುವುದು) ಮತ್ತು ಬರ್ಗಂಡಿ ಹೈಲೈಟ್ಸ್ (ಅಲ್ಲಲ್ಲಿ ಕೆಲವು ಎಳೆಗಳಿಗೆ ಗಾಢ ಕೆಂಪು ಬಣ್ಣ) ಎರಡನ್ನೂ ಒಂದೇ ದಿನ ಮಾಡಿಕೊಡುವುದಾಗಿ ಹೇಳಿದರು. ಇನ್ನೊಂದರಲ್ಲಿ ಸ್ಮೂದನಿಂಗ್ ಬೇಡ, ಕೆರಾಟಿನ್ ಮಾಡಿಸಿ, ಅದರಲ್ಲಿ ಕೆಮಿಕಲ್ ಇರುವುದಿಲ್ಲ ಎಂದರು. ಧಾರೆಯ ಹೊತ್ತಿಗೆ ಮೊಗ್ಗಿನ ಜಡೆ ಆಗಲೇಬೇಕು ಎಂಬುದು ಅಮ್ಮನ ಆಸೆ, ನನ್ನದೂ ಅದೇ. ಮೇಕಪ್ಪಿಗೆ ಎಚ್‌ಡಿ ಮತ್ತು ಏರ್‌ಬ್ರಶ್ ಎಂದು ಎರಡು ದರ ಹೇಳುತ್ತಿದ್ದಾರೆ, ವ್ಯತ್ಯಾಸ ಏನೆಂದು ಯಾರೂ ಬಿಡಿಸಿ ಹೇಳುತ್ತಿಲ್ಲ. ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಎಳೆಎಳೆ

ಅಭಿನಂದನೆಗಳು. ಹಲವು ವರ್ಷಗಳಿಂದ ಸಲೂನಿನಲ್ಲಿ ಕೂದಲ ಬಣ್ಣದ ಕೆಲಸವನ್ನೇ ಮುಖ್ಯವಾಗಿ ಮಾಡಿಕೊಂಡು ಬಂದಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಕಪ್ಪು ಮೆಹಂದಿ. ಇಷ್ಟು ವರ್ಷ ಏನೇನು ಹಚ್ಚಿದ್ದೀರಿ ಎಂದು ವಿಚಾರಿಸದೆ ದರ ಹೇಳಿದ ಕಡೆ ದಯವಿಟ್ಟು ಕೂದಲು ಒಪ್ಪಿಸಬೇಡಿ.

ಅಪ್ಪಟ ಗೋರಂಟಿಯ ಬಣ್ಣ ಲಾಸೋನ್ ಎಂಬ ಅಂಶದಿಂದ ಬರುತ್ತದೆ. ಅದು ಕೂದಲಿನ ಪ್ರೋಟೀನಾದ ಕೆರಾಟಿನ್‌ಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ ಮತ್ತು ಕೆಂಪು ಛಾಯೆಯನ್ನು ಮಾತ್ರ ಕೊಡುತ್ತದೆ, ಕಪ್ಪನ್ನು ಕೊಡಲಾರದು. ಪೊಟ್ಟಣದ ಪುಡಿಯಿಂದ ಕೂದಲು ಕಪ್ಪಾಗುತ್ತಿದ್ದರೆ ಅದರಲ್ಲಿ ಸಾಮಾನ್ಯವಾಗಿ ಪಿಪಿಡಿ, ಅಂದರೆ ಪ್ಯಾರಾಫಿನೈಲೀನ್‌ಡೈಅಮೈನ್ ಇರುತ್ತದೆ. ಕೆಲವು ಪುಡಿಗಳಲ್ಲಿ ಲೋಹದ ಲವಣಗಳೂ ಇರುತ್ತವೆ. ಈ ಲವಣಗಳಿರುವ ಕೂದಲಿಗೆ ಹೈಡ್ರೋಜನ್ ಪೆರಾಕ್ಸೈಡ್ ತಾಗಿದರೆ ಕೂದಲು ಬಿಸಿಯಾಗಿ, ಕೈಯಲ್ಲಿ ಹಿಡಿದಲ್ಲೇ ತುಂಡಾಗುವ ಅಪಾಯವಿದೆ. ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ತಲೆಯ ಹಿಂಭಾಗದಿಂದ ಕೆಲವು ಎಳೆಗಳನ್ನು ಕತ್ತರಿಸಿ, 20 ಭಾಗ 20 ವಾಲ್ಯೂಮ್ (ಶೇ. 6ರ) ಪೆರಾಕ್ಸೈಡ್‌ಗೆ 1 ಭಾಗ ಅಮೋನಿಯಾ ಬೆರೆಸಿದ ದ್ರವದಲ್ಲಿ ಅರ್ಧ ಗಂಟೆ ಬಿಡುತ್ತಾರೆ. ಗಾಜಿನ ಲೋಟ ಬೆಚ್ಚಗಾದರೆ, ಗುಳ್ಳೆ ಎದ್ದರೆ, ಎಳೆಯ ಬಣ್ಣ ಥಟ್ಟನೆ ಬದಲಾದರೆ ಆ ಕೂದಲಿಗೆ ಸ್ಮೂದನಿಂಗೂ ಬೇಡ, ಸಲೂನಿನ ಬಣ್ಣವೂ ಬೇಡ. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ, ಸಲೂನಿನಲ್ಲಿ ಕೇಳಿ ಮಾಡಿಸಿಕೊಳ್ಳಿ.

ಇನ್ನು ಬರ್ಗಂಡಿಯ ವಿಚಾರ. ಹಚ್ಚಿದ ಬಣ್ಣವನ್ನು ಇನ್ನೊಂದು ಬಣ್ಣ ತಿಳಿಗೊಳಿಸಲಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಹುಟ್ಟುಗಪ್ಪು ಕೂದಲಿಗೆ 30 ವಾಲ್ಯೂಮ್, ಅಂದರೆ ಶೇ. 9ರ ಡೆವಲಪರ್ (ಬಣ್ಣಕ್ಕೆ ಬೆರೆಸುವ ಪೆರಾಕ್ಸೈಡ್) ಜೊತೆ ಬರ್ಗಂಡಿ ಹಚ್ಚಿದರೆ ಬಿಸಿಲಿನಲ್ಲಿ ಕೆಂಪು ಮಿಂಚುವಷ್ಟು ಬಣ್ಣ ಬರಬಹುದು. ಅದೇ ಮಿಶ್ರಣ ವರ್ಷಗಟ್ಟಲೆ ಕಪ್ಪು ಪುಡಿ ಕುಡಿದ ಕೂದಲಿನ ಮೇಲೆ ಏನೂ ಮಾಡದು. ನಿಮ್ಮ ತಲೆಯಲ್ಲಿ ಈ ಎರಡೂ ಬಗೆಯ ಕೂದಲಿದೆ. ಹೊಸದಾಗಿ ಬಂದ ಬುಡ ನೆತ್ತಿಯ ಶಾಖಕ್ಕೆ ಬೇಗ ಬಣ್ಣ ಹಿಡಿದು ಕೆಂಪಾಗಿ ಹೊಳೆಯುತ್ತದೆ, ಅಲ್ಲಿಂದ ಕೆಳಗೆ ಸೊಂಟದವರೆಗೆ ಕಪ್ಪು ಹಾಗೆಯೇ ಉಳಿಯುತ್ತದೆ. ಬೈತಲೆ ತೆಗೆದಾಗ ಎದ್ದು ಕಾಣುವುದು ಆ ಕೆಂಪು ಪಟ್ಟಿಯೇ. ಅದನ್ನು ಸರಿಪಡಿಸಲು ಕೆಳಭಾಗಕ್ಕೆ ಬ್ಲೀಚ್ ಮಾಡಬೇಕಾಗುತ್ತದೆ, ಬ್ಲೀಚ್ ಮಾಡಿದ ಕೂದಲು ಸ್ಮೂದನಿಂಗ್ ಕ್ರೀಮನ್ನು ತಾಳುವುದಿಲ್ಲ.

ಸ್ಮೂದನಿಂಗ್ ಮತ್ತು ರೀಬಾಂಡಿಂಗ್ ಎರಡರ ತತ್ವ ಒಂದೇ, ಕ್ರೀಮಿನ ತೀಕ್ಷ್ಣತೆ ಮತ್ತು ಇಸ್ತ್ರಿಯ ಒತ್ತಡದಲ್ಲಿ ವ್ಯತ್ಯಾಸವಿದೆ. ಅಮೋನಿಯಂ ಥಯೋಗ್ಲೈಕೊಲೇಟ್ ಇರುವ ಕ್ರೀಮು ಕೂದಲಿನ ಒಳಗಿನ ಗಂಧಕದ ಬಂಧಗಳನ್ನು ಬಿಡಿಸುತ್ತದೆ. ಕೂದಲನ್ನು ತೊಳೆದು, ಒಣಗಿಸಿ, ಕಾಗದದಷ್ಟು ತೆಳುವಾದ ಪದರಗಳಲ್ಲಿ ಇಸ್ತ್ರಿ ಎಳೆದ ಮೇಲೆ ನ್ಯೂಟ್ರಲೈಸರ್ ಅವೇ ಬಂಧಗಳನ್ನು ಹೊಸ ನೇರದಲ್ಲಿ ಕೂಡಿಸುತ್ತದೆ. ಕ್ರೀಮು ಎಷ್ಟು ಹೊತ್ತು ಇರಬೇಕೆಂಬುದನ್ನು ಗಡಿಯಾರಕ್ಕಿಂತ ಎಳೆಯೇ ಚೆನ್ನಾಗಿ ಹೇಳುತ್ತದೆ. ನಡುನಡುವೆ ಒಂದು ಎಳೆಯನ್ನು ಒರೆಸಿ, ಬೆರಳಿಗೆ ಸುತ್ತಿ, ಮೆಲ್ಲಗೆ ಎಳೆದು ನೋಡುವವರ ಕೈಗೆ ನಿಮ್ಮ ಕೂದಲನ್ನು ಕೊಡಿ. ಕಿವಿಯ ಮೇಲಿನ ಎಳೆಗೂದಲು ಹಿಂಭಾಗದ ಕೂದಲಿಗಿಂತ ಬೇಗ ಮೆತ್ತಗಾಗುವುದರಿಂದ ಅಲ್ಲಿಗೆ ಕ್ರೀಮನ್ನು ಕೊನೆಗೆ ಹಚ್ಚಬೇಕು. ಬುಡಕ್ಕೆ ತಾಗಿಸಿ ಹಚ್ಚಿದರೆ ಕೂದಲು ಹುಟ್ಟುವಲ್ಲೇ ಮಡಚಿ ಮುರಿಯುತ್ತದೆ.

ಪರೀಕ್ಷೆಯಲ್ಲಿ ಕೂದಲು ಗೆದ್ದರೂ ಸ್ಮೂದನಿಂಗ್ ಮೊದಲು, ಕನಿಷ್ಠ ಎರಡು ವಾರ ಬಿಟ್ಟು ಬಣ್ಣ ಎಂಬ ಕ್ರಮವನ್ನು ಬಿಡಬಾರದು. ಒಂದೇ ದಿನ ಎರಡನ್ನೂ ಮಾಡುತ್ತೇವೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಕೂದಲನ್ನು ಕಣ್ಣಾರೆ ನೋಡದೆಯೂ ಇಷ್ಟು ಹೇಳಬಲ್ಲೆ: ಮದುವೆಯ ತನಕ ಹೈಲೈಟ್ಸ್ ಬೇಡ. ನರೆ ಮುಚ್ಚಲು ಬುಡಕ್ಕೆ ಮಾತ್ರ 20 ವಾಲ್ಯೂಮ್, ಅಂದರೆ ಶೇ. 6ರ ಡೆವಲಪರ್ ಜೊತೆ ನಿಮ್ಮ ಈಗಿನ ಕೂದಲಿಗೆ ಹೊಂದುವ ಗಾಢ ಕಂದು ಅಥವಾ ಕಪ್ಪು ಸಾಕು. ಬೋರ್‌ವೆಲ್ ನೀರಿನ ಒರಟಿಗೆ ಇಡಿಟಿಎ ಇರುವ ಕೀಲೇಟಿಂಗ್ ಶಾಂಪೂವನ್ನು (ಗಡಸು ನೀರಿನ ಲವಣಗಳನ್ನು ಕೂದಲಿನಿಂದ ತೆಗೆಯುವಂಥದ್ದು) ಸಲೂನಿನಲ್ಲಿ ಒಮ್ಮೆ ಬಳಸಿ, ತುದಿಯನ್ನು ಎರಡು ಬೆರಳಷ್ಟು ಕತ್ತರಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಧಾರವಾಡ_ಕೆಮಿಸ್ಟ್ರಿ

ನಾನು ಸಲೂನಿನವಳಲ್ಲ, ರಸಾಯನಶಾಸ್ತ್ರ ಕಲಿಸುವವಳು. ‘ಕೆರಾಟಿನ್‌ನಲ್ಲಿ ಕೆಮಿಕಲ್ ಇರುವುದಿಲ್ಲ’ ಎಂಬ ಮಾತನ್ನು ಓದಿ ಸುಮ್ಮನಿರಲಾಗಲಿಲ್ಲ.

ಆ ಚಿಕಿತ್ಸೆಯಲ್ಲಿ ಕೂದಲನ್ನು ನೇರವಾಗಿ ಹಿಡಿದಿಡುವ ಕೆಲಸವನ್ನು ಕೆರಾಟಿನ್ ಪ್ರೋಟೀನ್ ಮಾಡುವುದಿಲ್ಲ. ಹಳೆಯ ಬಗೆಯ ದ್ರಾವಣಗಳಲ್ಲಿ ಅದನ್ನು ಮಾಡುವುದು ಫಾರ್ಮಾಲ್ಡಿಹೈಡ್. ಲೇಬಲ್ ಮೇಲೆ ಅದು ಮೆಥಿಲೀನ್ ಗ್ಲೈಕಾಲ್, ಫಾರ್ಮಲಿನ್, ಮೆಥನ್ಯಾಲ್ (ಮೆಥನಾಲ್ ಬೇರೆ) ಎಂಬ ಹೆಸರುಗಳಲ್ಲೂ ಇರಬಹುದು. 200 ಡಿಗ್ರಿ ಸೆಲ್ಸಿಯಸ್ ದಾಟಿದ ಇಸ್ತ್ರಿ ತಾಗಿದಾಗ ಅದು ಅನಿಲವಾಗಿ ಏಳುತ್ತದೆ, ಕಣ್ಣು ಉರಿದು ಗಂಟಲು ಕೆರೆಯುವುದು ಅದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2010ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆಯು ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಬರೆದುಕೊಂಡಿದ್ದ ದ್ರಾವಣವನ್ನು ಪರೀಕ್ಷಿಸಿದಾಗ ಅದರಲ್ಲಿ ಗಣನೀಯ ಪ್ರಮಾಣದಲ್ಲಿ ಅದೇ ವಸ್ತು ಸಿಕ್ಕಿತು. ನಿಮಗೆ ಇದು ವರ್ಷಕ್ಕೆ ಒಂದೆರಡು ಸಲದ ಮಾತು. ಕಿಟಕಿಯಿಲ್ಲದ ಎಸಿ ಕೋಣೆಯಲ್ಲಿ ದಿನವಿಡೀ ಆ ಹೊಗೆಯಲ್ಲಿ ನಿಂತು ಇಸ್ತ್ರಿ ಎಳೆಯುವ ಹುಡುಗ ಹುಡುಗಿಯರಿಗೆ ಅದು ನಿತ್ಯದ ಉಸಿರು. ಅವರ ಬಗ್ಗೆ ಯಾರೂ ಕೇಳುವುದಿಲ್ಲವೆಂಬುದು ನನಗೆ ಬಹಳ ನೋವಿನ ಸಂಗತಿ.

ಈಗ ಅನೇಕರು ಅದರ ಬದಲು ಗ್ಲೈಆಕ್ಸಿಲಿಕ್ ಆಮ್ಲ ಬಳಸುತ್ತಾರೆ. ಇದನ್ನೂ ನಿರಪಾಯಕಾರಿ ಎಂದು ಹೇಳುವಂತಿಲ್ಲ. ಟ್ಯುನೀಷಿಯಾದ 26 ವರ್ಷದ ಯುವತಿಯೊಬ್ಬರಿಗೆ 2020, 2021 ಮತ್ತು 2022ರಲ್ಲಿ, ಮೂರು ಸಲವೂ ಕೂದಲು ನೇರಗೊಳಿಸಿಕೊಂಡ ದಿನದಂದೇ ವಾಂತಿ, ಜ್ವರ, ಬೆನ್ನುನೋವು ಕಾಣಿಸಿಕೊಂಡು ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಬಳಸಿದ ಕ್ರೀಮಿನಲ್ಲಿ ಶೇ. 10ರಷ್ಟು ಈ ಆಮ್ಲವಿತ್ತು. ಅದೇ ಕ್ರೀಮನ್ನು ಇಲಿಗಳ ಚರ್ಮಕ್ಕೆ ಹಚ್ಚಿ ನೋಡಿದ ಫ್ರಾನ್ಸಿನ ವೈದ್ಯರು ಅವುಗಳ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳನ್ನು ಕಂಡು, 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ವರದಿ ಮಾಡಿದರು. ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮಾಡಿಸುವುದೇ ಆದರೆ ಬಾಟಲಿಯನ್ನು ಕೈಗೆ ತೆಗೆದುಕೊಂಡು ಲೇಬಲ್ ಓದಿ. ನೆತ್ತಿಯಲ್ಲಿ ಗಾಯವೋ ಗುಳ್ಳೆಯೋ ಇದ್ದರೆ, ಮೂತ್ರಪಿಂಡದ ತೊಂದರೆ ಮೊದಲೇ ಇದ್ದರೆ ಮಾಡಿಸಲೇಬೇಡಿ.

ಮತ್ತೊಂದು ಮಾತು ಮದುಮಗಳಾದ ನಿಮಗೆ ವಿಶೇಷವಾಗಿ ಸಂಬಂಧಿಸಿದ್ದು. ಕೈಗೆ ಹಾಕುವ ‘ಕಪ್ಪು ಮೆಹಂದಿ’ ಕೋನ್‌ಗಳಲ್ಲಿ ಪಿಪಿಡಿ ಬೆರೆಸಿರುವುದುಂಟು. ಚರ್ಮ ಒಮ್ಮೆ ಅದಕ್ಕೆ ಕೆರಳುವುದನ್ನು ಕಲಿತರೆ, ಮುಂದೆ ತಲೆಗೆ ಬಣ್ಣ ಹಚ್ಚಿದಾಗ ಮುಖ, ಕಣ್ಣುರೆಪ್ಪೆ ಊದಿಕೊಳ್ಳುವಷ್ಟು ತೀವ್ರವಾದ ಅಲರ್ಜಿ ಬರಬಹುದು. ಕೈಗೆ ಕೆಂಪು ಬಿಡುವ ಗೋರಂಟಿಯನ್ನೇ ಆರಿಸಿಕೊಳ್ಳಿ.

ಮೊಗ್ಗುಮಾಲೆ

ಮೈಸೂರಿನಲ್ಲಿ ಮದುಮಗಳ ಅಲಂಕಾರ ನನ್ನ ವೃತ್ತಿ. ಮೇಲಿನ ಇಬ್ಬರೂ ಹೇಳಿದ್ದಕ್ಕೆ ಜಡೆಯ ಕಡೆಯಿಂದ ಒಂದು ಕಾರಣ ಸೇರಿಸುತ್ತೇನೆ.

ಮೊಗ್ಗಿನ ಜಡೆಗೆ ಬೇಕಾದದ್ದು ಹಿಡಿತ. ಮೊದಲು ಕೂದಲಿಗೆ ಚೌರಿ ಸೇರಿಸಿ ಬಿಗಿಯಾಗಿ ಹೆಣೆಯುತ್ತೇವೆ. ಆಮೇಲೆ ಮಲ್ಲಿಗೆ ಮೊಗ್ಗಿನ ಹಾಸನ್ನು ಸೂಜಿದಾರದಿಂದ ಜಡೆಗೇ ಹೊಲಿದು, ಜಡೆಬಿಲ್ಲೆ, ಕುಚ್ಚು ಕಟ್ಟುತ್ತೇವೆ. ಅಷ್ಟೂ ಭಾರ ಕುತ್ತಿಗೆಯ ಹಿಂದಿನ ಒಂದು ಗಂಟಿನ ಮೇಲೆ ನಿಲ್ಲುತ್ತದೆ. ಹೊಸದಾಗಿ ಸ್ಮೂದನಿಂಗ್ ಅಥವಾ ಕೆರಾಟಿನ್ ಆದ ಕೂದಲಿನಲ್ಲಿ ಪಿನ್ನು ನಿಲ್ಲುವುದಿಲ್ಲ, ಚೌರಿ ಜಾರುತ್ತದೆ. ಹಿಡಿತಕ್ಕಾಗಿ ನಾವು ಬುಡವನ್ನು ಕ್ರಿಂಪ್ ಮಾಡಿ (ಬಿಸಿ ಇಸ್ತ್ರಿಯಿಂದ ಸಣ್ಣ ನೆರಿಗೆ ಮೂಡಿಸಿ), ಸ್ಪ್ರೇ ಹೊಡೆದು, ನೀವು ಹಣ ಕೊಟ್ಟು ಮಾಡಿಸಿದ ನುಣುಪನ್ನೇ ಕೆಡಿಸಬೇಕಾಗುತ್ತದೆ. ನಿಮ್ಮ ಅಲೆಗೂದಲು ಈ ಜಡೆಗೆ ಹೇಳಿ ಮಾಡಿಸಿದಂತಿದೆ. ಹಿಂದಿನ ದಿನ ತಲೆ ತೊಳೆದು, ಬುಡಕ್ಕೆ ಕಂಡೀಷನರ್ ತಾಗಿಸದೆ ಬನ್ನಿ. ಎಣ್ಣೆ ಶಾಸ್ತ್ರದಲ್ಲಿ ಹಿರಿಯರು ನೆತ್ತಿಗೆ ಗರಿಕೆಯಿಂದ ಮುಟ್ಟಿಸಿದರೆ ಸಾಕು ಎಂದು ಅಮ್ಮನ ಮೂಲಕ ಮೊದಲೇ ಹೇಳಿಸಿಡಿ. ಸೊಂಟದುದ್ದದ ಕೂದಲಿಗೆ ತುಂಬಾ ಎಣ್ಣೆ ಹಚ್ಚಿದರೆ ಮರುದಿನ ನಸುಕಿನಲ್ಲಿ ಅದನ್ನು ತೆಗೆಯಲು ಸಮಯ ಇರುವುದಿಲ್ಲ.

ಮೇಕಪ್ಪಿನ ಬಗ್ಗೆ ಹೇಳುವುದಾದರೆ, ಎಚ್‌ಡಿ ಎಂದರೆ ಕ್ಯಾಮೆರಾಕ್ಕೆ ತೆಳುವಾಗಿ ಕಾಣುವ ಫೌಂಡೇಶನ್ನನ್ನು ಕೈಯಿಂದ, ಬ್ರಶ್ ಅಥವಾ ಸ್ಪಂಜಿನಿಂದ ಹಚ್ಚುವುದು. ಏರ್‌ಬ್ರಶ್ ಎಂದರೆ ಸಣ್ಣ ಕಂಪ್ರೆಸರ್ ಬಳಸಿ ತೆಳುವಾದ, ಹೆಚ್ಚಾಗಿ ಸಿಲಿಕೋನ್ ಆಧಾರಿತ ಫೌಂಡೇಶನ್ನನ್ನು ಸಿಂಪಡಿಸುವುದು. ಏರ್‌ಬ್ರಶ್ ಹಗುರ, ಬೆವರಿಗೆ ಚೆನ್ನಾಗಿ ತಡೆಯುತ್ತದೆ. ಆದರೆ ಕಣ್ಣೀರಿನ ಗೆರೆ ಬಿದ್ದರೆ ಅದನ್ನು ಮರೆಮಾಡುವುದು ಕಷ್ಟ, ಒಣ ಚರ್ಮದ ಮೇಲೆ ಸಿಪ್ಪೆ ಎದ್ದು ಕಾಣುತ್ತದೆ. ಧಾರೆಯ ಹೊತ್ತಿಗೆ ಕಣ್ಣೀರು ಬಾರದ ಮದುಮಗಳು ಕಡಿಮೆ. ಆದ್ದರಿಂದ ಕೈಯಿಂದ ತೆಳು ಪದರಗಳಲ್ಲಿ ಹಚ್ಚಿ, ಒದ್ದೆ ಸ್ಪಂಜಿನಿಂದ ತಟ್ಟಿ ಕೂರಿಸುವವರೇ ನನ್ನ ಆಯ್ಕೆ. ಯಂತ್ರಕ್ಕಿಂತ ಕೈಯನ್ನು ನೋಡಿ ಹಣ ಕೊಡಿ.

ಟ್ರಯಲ್ ದಿನ ಎರಡು ವಿಷಯಗಳನ್ನು ಗಮನಿಸಿ. ಫೌಂಡೇಶನ್ನಿನ ಬಣ್ಣವನ್ನು ಮುಂಗೈಗೆ ಹಚ್ಚಿ ನೋಡುವವರನ್ನು ನಂಬಬೇಡಿ. ದವಡೆಯ ಅಂಚಿನಿಂದ ಕುತ್ತಿಗೆಗೆ ಎಳೆದು, ಬಾಗಿಲಿನ ಬೆಳಕಿನಲ್ಲಿ ನೋಡಬೇಕು. ಬೆಳ್ಳಗೆ ಕಾಣಲೆಂದು ಎರಡು ಷೇಡ್ ತಿಳಿಯಾದದ್ದನ್ನು ಹಚ್ಚಿದರೆ ನಮ್ಮ ಗೋಧಿ, ಎಣ್ಣೆಗೆಂಪು ಮೈಬಣ್ಣಗಳು ಬೂದಿ ಬಳಿದಂತಾಗುತ್ತವೆ. ಕಣ್ಣಿನ ಕೆಳಗಿನ ಕಪ್ಪಿಗೆ ಮೊದಲು ಕಿತ್ತಳೆ ಅಥವಾ ಪೀಚ್ ಬಣ್ಣದ ಕರೆಕ್ಟರ್ ಅನ್ನು ಚೂರೇ ಚೂರು ತಟ್ಟಿ, ಅದರ ಮೇಲೆ ಕನ್ಸೀಲರ್ ಬರಬೇಕು. ಎರಡನೆಯದಾಗಿ, ಟ್ರಯಲ್ ಮುಗಿದ ಮೇಲೆ ಕತ್ತಲೆ ಕೋಣೆಯಲ್ಲಿ ಫ್ಲಾಶ್ ಹಾಕಿ ಒಂದು ಫೋಟೊ ತೆಗೆಸಿ. ಸಿಲಿಕಾ ಪುಡಿ ಹೆಚ್ಚಾಗಿದ್ದರೆ ಕಣ್ಣಿನ ಕೆಳಗೆ, ಮೂಗಿನ ಪಕ್ಕ ಬಿಳಿ ಮಚ್ಚೆಗಳು ಕಾಣುತ್ತವೆ. ಕನ್ನಡಿಯಲ್ಲಿ ಅವು ಕಾಣುವುದಿಲ್ಲ.

ಅರಿಶಿನ ಶಾಸ್ತ್ರದ ಮರುದಿನ ಮುಖದಲ್ಲಿ ಹಳದಿ ಛಾಯೆ ಉಳಿದಿರುತ್ತದೆ, ಟ್ರಯಲ್‌ನಲ್ಲಿ ಹೊಂದಿದ ಷೇಡ್ ಆ ದಿನ ಹೊಂದದಿರಬಹುದು. ನಾನು ಯಾವಾಗಲೂ ಅಕ್ಕಪಕ್ಕದ ಇನ್ನೊಂದು ಷೇಡನ್ನು ಇಟ್ಟುಕೊಂಡೇ ಹೋಗುತ್ತೇನೆ, ನಿಮ್ಮವರಿಗೂ ತಿಳಿಸಿ. ಥ್ರೆಡಿಂಗನ್ನು ಮೂರು ನಾಲ್ಕು ದಿನ ಮೊದಲೇ ಮುಗಿಸಿಕೊಳ್ಳಿ, ಹೊಸ ಫೇಶಿಯಲ್ಲನ್ನು ಆ ವಾರದಲ್ಲಿ ಪ್ರಯೋಗಿಸಬೇಡಿ. ವೈಶಾಖದ ದಾವಣಗೆರೆಯಲ್ಲಿ ಹೋಮದ ಮುಂದೆ ಬೆವರುವುದು ಖಂಡಿತ. ಬೆವರಿನ ಮೇಲೆಯೇ ಪೌಡರ್ ಒತ್ತಿದರೆ ಹೆಪ್ಪುಗಟ್ಟುತ್ತದೆ. ಮೊದಲು ಟಿಶ್ಯೂ ಒತ್ತಿ ಬೆವರು ತೆಗೆಯಬೇಕು. ಬಾಸಿಂಗದ ದಾರ ಉಜ್ಜುವ ಹಣೆಯ ಅಂಚಿನ ಮೇಕಪ್ಪಿನ ಮೇಲೆ ಕಣ್ಣಿಡುವಂತೆ ನಿಮ್ಮ ಜೊತೆ ಕೂರುವ ಅಕ್ಕನಿಗೋ ಗೆಳತಿಗೋ ತೋರಿಸಿಡಿ.

ಬೆಣ್ಣೆನಗರಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ಮೂದನಿಂಗ್ ಮತ್ತು ಹೈಲೈಟ್ಸ್ ಎರಡನ್ನೂ ಕೈಬಿಡುತ್ತೇನೆ. ಎಳೆಎಳೆ ಅವರೇ, ಬುಡದ ಟಚಪ್ಪನ್ನು ಮದುವೆಗೆ ಎಷ್ಟು ದಿನ ಮೊದಲು ಮಾಡಿಸಬೇಕು? ಅಲ್ಲಿಯವರೆಗೆ ನರೆ ಕಂಡರೆ ಹಳೆಯ ಪುಡಿಯನ್ನೇ ಒಮ್ಮೆ ಹಚ್ಚಬಹುದೇ? ಇಷ್ಟು ವರ್ಷ ಏನೂ ಆಗದಿದ್ದ ನನಗೂ ಪ್ಯಾಚ್ ಟೆಸ್ಟ್ ಬೇಕೇ?

ಎಳೆಎಳೆ

ಪುಡಿಯನ್ನು ಇಂದಿನಿಂದಲೇ ನಿಲ್ಲಿಸಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಮುಹೂರ್ತದ ಹೊತ್ತಿಗೆ ಬುಡದಲ್ಲಿ ಸ್ವಚ್ಛವಾದ ಹೊಸ ಕೂದಲಿದ್ದರೆ ಬಣ್ಣ ಸಮನಾಗಿ ಕೂರುತ್ತದೆ. ನಡುವೆ ನರೆ ಕಂಡರೆ ತೊಳೆದರೆ ಹೋಗುವ ರೂಟ್ ಟಚಪ್ ಪೌಡರನ್ನು ಬೈತಲೆಗೆ ತಟ್ಟಿಕೊಳ್ಳಿ.

ಟಚಪ್ಪನ್ನು ಮದುವೆಗೆ ಒಂದು ವಾರದಿಂದ ಹತ್ತು ದಿನ ಮೊದಲು ಮಾಡಿಸಿ. ಹಣೆಯಂಚಿನಲ್ಲಿ ಅಂಟಿದ ಕಲೆ ಅಷ್ಟರಲ್ಲಿ ಹೋಗಿರುತ್ತದೆ, ನರೆಯೂ ಮತ್ತೆ ಇಣುಕಿರುವುದಿಲ್ಲ. ಪ್ಯಾಚ್ ಟೆಸ್ಟ್ ಖಂಡಿತ ಬೇಕು. ಪಿಪಿಡಿಯ ಅಲರ್ಜಿ ವರ್ಷಗಟ್ಟಲೆ ಬಳಸಿದ ಮೇಲೂ ಹೊಸದಾಗಿ ಬರಬಹುದು. ಹಚ್ಚಲಿರುವ ಬಣ್ಣವನ್ನೇ ಪೊಟ್ಟಣದ ಸೂಚನೆಯಂತೆ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಗೆ ಚುಕ್ಕೆಯಷ್ಟು ಹಚ್ಚಿಸಿಕೊಂಡು 48 ಗಂಟೆ ಕಾಯಿರಿ. ತುರಿಕೆ, ಕೆಂಪು, ಊತ ಯಾವುದು ಕಂಡರೂ ಬಣ್ಣ ರದ್ದುಮಾಡಿ ಚರ್ಮವೈದ್ಯರನ್ನು ಕಾಣಿ. ಅದೇ ಬಣ್ಣವನ್ನು ಹುಬ್ಬಿಗೂ ಹಚ್ಚಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಹುಬ್ಬಿಗೂ ರೆಪ್ಪೆಗೂ ಹಚ್ಚಬಾರದು, ದೃಷ್ಟಿಗೆ ಅಪಾಯವಿದೆ ಎಂಬ ಎಚ್ಚರಿಕೆಯನ್ನು ಆ ಪೊಟ್ಟಣದ ಮೇಲೆಯೇ ನೋಡಬಹುದು.