ಅಕ್ಕನ ಮಕ್ಕಳಿಗೆ ಹಿಂಸೆಯಾಗುತ್ತಿದೆ: ದೂರು ಕೊಟ್ಟರೆ ಮುಂದೇನಾಗುತ್ತದೆ?

ಪ್ರಶ್ನೆ (ರಾಯಚೂರಿನಿಂದ ಒಬ್ಬ ಸೋದರಮಾವ):
ಅಕ್ಕ ತೀರಿಕೊಂಡ ಮೇಲೆ ಭಾವನವರು ಎರಡನೆಯ ಮದುವೆಯಾಗಿದ್ದಾರೆ. ಅಕ್ಕನ ಇಬ್ಬರು ಮಕ್ಕಳು ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಅವರ ಬಳಿಯೇ ಇದ್ದಾರೆ. ಹುಡುಗನಿಗೆ ಹತ್ತು ವರ್ಷ, ಹುಡುಗಿಗೆ ಆರು. ಈ ಸಲ ಹೋದಾಗ ಹುಡುಗನ ತೊಡೆಯ ಮೇಲೆ ಕಾದ ಸೌಟಿನಿಂದ ಬರೆ ಇಟ್ಟ ಗುರುತು ಕಂಡಿತು. ಎಷ್ಟೋ ದಿನ ಇಬ್ಬರೂ ಶಾಲೆಯ ಬಿಸಿಯೂಟದ ಮೇಲೆಯೇ ಇರುತ್ತಾರೆಂದು ಶಿಕ್ಷಕಿ ಹೇಳಿದರು. ದೈವದವರನ್ನು, ಅಂದರೆ ಊರ ಪಂಚರನ್ನು, ಕೂಡಿಸಿ ಬಗೆಹರಿಸೋಣ ಎಂದು ಊರಿನ ಹಿರಿಯರು ಹೇಳುತ್ತಿದ್ದಾರೆ. ದೂರು ಕೊಟ್ಟರೆ ಮಕ್ಕಳನ್ನು ಎಲ್ಲಿಗೋ ಕಳಿಸಿಬಿಡುತ್ತಾರೆಯೇ? ಅವರು ಕೋರ್ಟಿನಲ್ಲಿ ತಂದೆಯ ಎದುರು ನಿಲ್ಲಬೇಕಾಗುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಗಂಗಾವತಿಯ ವಕೀಲರು:
ಮಕ್ಕಳ ಹೆಸರನ್ನೂ ಊರನ್ನೂ ನೀವು ಬರೆಯದಿದ್ದದ್ದು ಒಳ್ಳೆಯದಾಯಿತು. ಬಾಲ ನ್ಯಾಯ ಕಾಯ್ದೆ 2015ರ 74ನೆಯ ಕಲಮಿನ ಪ್ರಕಾರ ಮಗುವಿನ ಗುರುತು ಬಹಿರಂಗವಾಗಬಾರದು. ನಿಮ್ಮ ಪ್ರಶ್ನೆಯೊಳಗೆ ಎರಡು ವಿಷಯಗಳು ಕೂಡಿಕೊಂಡಿವೆ, ಅವನ್ನು ಬಿಡಿಸಿ ನೋಡಬೇಕು. ಮಕ್ಕಳು ಇನ್ನು ಮುಂದೆ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ತಪ್ಪು ಮಾಡಿದವರಿಗೆ ಶಿಕ್ಷೆಯಾಗಬೇಕೇ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯ. ಮೊದಲನೆಯದಕ್ಕೆ ಎರಡನೆಯದು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಇದು ತಿಳಿಯದೆ, ಕೇಸು ವರ್ಷಗಟ್ಟಲೆ ನಡೆಯುತ್ತದೆಂಬ ಅಂಜಿಕೆಯಿಂದಲೇ ಎಷ್ಟೋ ಮಂದಿ ಸುಮ್ಮನಾಗುತ್ತಾರೆ.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದುಕೊಟ್ಟರೆ ಅವರು ಮಕ್ಕಳನ್ನು ಭೇಟಿಯಾಗಿ ವಿಚಾರಿಸುತ್ತಾರೆ. ಮಕ್ಕಳನ್ನು ಮನೆಯಿಂದ ಹೊರತಂದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಸೇರದ ದಿನವಾದರೆ ಒಬ್ಬ ಸದಸ್ಯರ ಮುಂದೆಯಾದರೂ ಹಾಜರುಪಡಿಸಬಹುದು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಸಾಮಾಜಿಕ ತನಿಖೆ, ಅಂದರೆ ಮಗುವಿನ ಮನೆಯ ಸ್ಥಿತಿಗತಿಯ ವಿಚಾರಣೆ, 15 ದಿನಗಳಲ್ಲಿ ಮುಗಿದು, ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಬರಬೇಕೆಂದು ಕಾಯ್ದೆ ಹೇಳುತ್ತದೆ. ಬಾಲಮಂದಿರವೊಂದೇ ಅವರ ಮುಂದಿರುವ ದಾರಿಯಲ್ಲ: ಮೇಲ್ವಿಚಾರಣೆಯ ಷರತ್ತಿನ ಮೇಲೆ ಮಕ್ಕಳನ್ನು ತಂದೆಗೇ ಒಪ್ಪಿಸಬಹುದು, ಯೋಗ್ಯ ವ್ಯಕ್ತಿಯೆಂದು ಗುರುತಿಸಿ ನಿಮ್ಮಂಥ ಸಂಬಂಧಿಕರಿಗೂ ಒಪ್ಪಿಸಬಹುದು. ಸಾಕಲು ನೀವು ಸಿದ್ಧರಿದ್ದರೆ ಮೊದಲ ದಿನವೇ ಅದನ್ನು ಬರವಣಿಗೆಯಲ್ಲಿ ಕೊಡಿ.

ಇನ್ನು ಶಿಕ್ಷೆಯ ವಿಷಯ. ಮಗುವಿನ ಜವಾಬ್ದಾರಿ ಹೊತ್ತವರು ಅದನ್ನು ಹೊಡೆದರೆ, ಹಿಂಸಿಸಿದರೆ, ಬೇಕೆಂದೇ ನಿರ್ಲಕ್ಷಿಸಿದರೆ ಅದೇ ಕಾಯ್ದೆಯ 75ನೆಯ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಆದರೆ ಇಲ್ಲೊಂದು ತೊಡಕಿದೆ. 2021ರ ತಿದ್ದುಪಡಿಯ ನಂತರ ಈ ಅಪರಾಧ ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ‘ಇದು ಮನೆ ಜಗಳ’ ಎಂದು ಠಾಣೆಯಿಂದ ವಾಪಸು ಕಳಿಸಲು ಇದೇ ನೆಪವಾಗುತ್ತದೆ. ನಿಮ್ಮ ಪ್ರಕರಣದಲ್ಲಿ ಹಾಗಾಗಬೇಕಿಲ್ಲ. ಬೆಂಕಿಯಿಂದ ಅಥವಾ ಕಾದ ವಸ್ತುವಿನಿಂದ ಗಾಯ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 118ನೆಯ ಕಲಮಿನಡಿ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಆ ಅನುಮತಿಯಿಲ್ಲದೆಯೇ ತನಿಖೆ ನಡೆಸಬಹುದು. ದೂರಿನಲ್ಲಿರುವ ಅಪರಾಧಗಳಲ್ಲಿ ಒಂದು ಸಂಜ್ಞೇಯವಾದರೂ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ನೋಡಬೇಕು. ಆದ್ದರಿಂದ ‘ಮಕ್ಕಳಿಗೆ ಕಿರುಕುಳ ಕೊಡುತ್ತಾರೆ’ ಎಂದು ಒಟ್ಟಾರೆ ಬರೆಯದೆ, ಯಾರು, ಯಾವಾಗ, ಯಾವುದರಿಂದ, ಮೈಯ ಯಾವ ಭಾಗಕ್ಕೆ ಬರೆ ಇಟ್ಟರು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಗುರುತು ಮಾಯುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಪ್ರಮಾಣಪತ್ರ ಆಗಬೇಕು. ಎಲ್ಲಕ್ಕಿಂತ ತುರ್ತಾದದ್ದು ಇದೇ.

ಲಿಂಗಸುಗೂರು ತಾಲ್ಲೂಕಿನ ಶಿಕ್ಷಕಿ:
ನಮ್ಮ ಕಡೆ ಸುಗ್ಗಿ ಮುಗಿಯುತ್ತಿದ್ದಂತೆ ಅರ್ಧ ಊರೇ ಬೆಂಗಳೂರಿಗೆ ಗುಳೆ ಹೋಗುತ್ತದೆ, ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಅಂಥ ಮನೆಯೊಂದರ ವಿಷಯವಾಗಿ ಸಮಿತಿಯ ಮುಂದೆ ಹೇಳಿಕೆ ಕೊಡಲು ನಾನು ಹೋಗಿದ್ದೆ. ತಂದೆತಾಯಿಗೆ ಶಿಕ್ಷೆಯಾಗುತ್ತದೆಂದು ಅಜ್ಜಿ ಅಳುತ್ತಿದ್ದರು, ಆದರೆ ಸದಸ್ಯರು ಮೊದಲು ವಿಚಾರಿಸಿದ್ದೇ ಅವರು ಹಣ ಕಳಿಸುತ್ತಾರೆಯೇ, ಫೋನು ಮಾಡುತ್ತಾರೆಯೇ ಎಂದು. ಬಡತನವನ್ನೂ ಬೇಕೆಂದೇ ಮಾಡಿದ ನಿರ್ಲಕ್ಷ್ಯವನ್ನೂ ಅವರು ಬೇರೆ ಬೇರೆಯಾಗಿಯೇ ನೋಡಿದರು. ಕೈಮೀರಿದ ಪರಿಸ್ಥಿತಿಯಿಂದ ಹೆತ್ತವರು ಮಗುವನ್ನು ತೊರೆದಿದ್ದರೆ ಅದನ್ನು ಉದ್ದೇಶಪೂರ್ವಕವೆಂದು ತಿಳಿಯಬಾರದೆಂದು 75ನೆಯ ಕಲಮಿನಲ್ಲಿಯೇ ಇದೆ. ನಿಮ್ಮ ಭಾವನವರೂ ಬಡತನದ ಮಾತು ಎತ್ತಿಯೇ ಎತ್ತುತ್ತಾರೆ. ಬರೆಗೆ ಆ ಉತ್ತರ ಸಲ್ಲುವುದಿಲ್ಲ. ಉಪವಾಸದ ವಿಷಯದಲ್ಲಿ ಮಾತ್ರ ಮನೆಯ ಸ್ಥಿತಿಗತಿಯನ್ನು ಅವರು ಕೂಲಂಕಷವಾಗಿ ವಿಚಾರಿಸುತ್ತಾರೆ, ಆಗ ಆ ಶಿಕ್ಷಕಿಯ ಮಾತಿಗೂ ಶಾಲೆಯ ಹಾಜರಿ ಪುಸ್ತಕಕ್ಕೂ ಬೆಲೆಯಿರುತ್ತದೆ. ಅವರನ್ನು ಜೊತೆಗಿಟ್ಟುಕೊಳ್ಳಿ.

ಬಳ್ಳಾರಿಯಿಂದ ಒಬ್ಬ ತಾಯಿ:
ನಮ್ಮದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ಪ್ರಕರಣ, ನಿಮ್ಮದಕ್ಕಿಂತ ಬೇರೆ. ಆದರೂ ಮಗು ಸಾಕ್ಷಿ ಹೇಳುವುದು ಹೇಗೆಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಮಹಿಳಾ ಅಧಿಕಾರಿ ಸಮವಸ್ತ್ರವಿಲ್ಲದೆ ಮನೆಗೇ ಬಂದು ಹೇಳಿಕೆ ಬರೆದುಕೊಂಡರು. ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆಯ ದಿನ ಹೊರಗಿನವರನ್ನೆಲ್ಲ ಕಳಿಸಿ, ಆರೋಪಿ ಕಾಣದಂತೆ ಪರದೆ ಹಾಕಿದರು. ಎದುರು ವಕೀಲರು ಪಾಟಿ ಸವಾಲನ್ನು ನೇರವಾಗಿ ಮಗಳಿಗೆ ಹಾಕುವಂತಿರಲಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಅದನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಕೇಳುತ್ತಾರೆ. ನಡುವೆ ಅವಳು ನೀರು ಬೇಕೆಂದಾಗ ಕಲಾಪ ನಿಲ್ಲಿಸಿದರು. ಕಾಯ್ದೆಯಲ್ಲಿ ವಿಚಾರಣೆ ಒಂದು ವರ್ಷದಲ್ಲಿ ಮುಗಿಯಬೇಕೆಂದಿದೆ, ನಮಗೆ ಅದಕ್ಕಿಂತ ಹೆಚ್ಚು ಹಿಡಿಯಿತು.

ದೈವದ ರಾಜಿಯ ಬಗ್ಗೆ ನನಗೆ ಕಠಿಣವಾದ ಅಭಿಪ್ರಾಯವಿದೆ. ನಮ್ಮಲ್ಲಿಯೂ ಹಿರಿಯರು ಕೂಡಿದರು, ಹಣದ ಮಾತೂ ಆಯಿತು, ನಮ್ಮ ಮಗಳನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಪೋಕ್ಸೊ ಪ್ರಕರಣವನ್ನು ರಾಜಿಯ ಆಧಾರದ ಮೇಲೆ ರದ್ದುಪಡಿಸಲಾಗದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನದ ಪ್ರಕರಣವೊಂದರಲ್ಲಿ ಹೇಳಿದೆ. ನಿಮ್ಮ ಪ್ರಕರಣಕ್ಕೆ ಆ ತೀರ್ಪು ನೇರವಾಗಿ ಅನ್ವಯಿಸಲಾರದು. ಆದರೆ ರಾಜಿಯ ಮರುದಿನ ಮಕ್ಕಳು ಮಲಗುವುದು ಅದೇ ಮನೆಯಲ್ಲಿ ಎಂಬುದನ್ನು ಹಿರಿಯರ ಮುಂದೆ ನೀವೇ ಹೇಳಬೇಕಾಗುತ್ತದೆ.

ಗಂಗಾವತಿಯ ವಕೀಲರು:
ತಾಯಿಯವರು ಹೇಳಿದ ಪರದೆ ಮುಂತಾದ ಏರ್ಪಾಡು ಪೋಕ್ಸೊ ಕಾಯ್ದೆಯಲ್ಲಿಯೇ ಬರೆದಿರುವಂಥದ್ದು. ಉಳಿದ ಪ್ರಕರಣಗಳಲ್ಲಿಯೂ ಮಗು ಸಾಕ್ಷಿಯಾಗಿದ್ದರೆ ಅದನ್ನು ಕೇಳಬಹುದು. ಮಕ್ಕಳಂಥ ದುರ್ಬಲ ಸಾಕ್ಷಿಗಳ ಹೇಳಿಕೆಗೆ ಪ್ರತಿ ಜಿಲ್ಲೆಯಲ್ಲಿಯೂ ಪ್ರತ್ಯೇಕ ಕೇಂದ್ರವಿರಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದೆ. ಸರ್ಕಾರಿ ಅಭಿಯೋಜಕರಿಗೆ ಮೊದಲೇ ಹೇಳಿ ಅರ್ಜಿ ಹಾಕಿಸಿ. ವಕೀಲರ ಫೀಜಿನ ಚಿಂತೆ ಬೇಡ: ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.

ಸಿಂಧನೂರಿನ ಹಿರಿಯರು:
ಮಗಳ ಮಗನನ್ನು ಸಮಿತಿಯ ಆದೇಶದ ಮೇಲೆ ನಾವು ಸಾಕುತ್ತಿದ್ದೇವೆ. ಅರ್ಹ ಮಕ್ಕಳಿಗೆ ಮಕ್ಕಳ ರಕ್ಷಣೆಗಾಗಿರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ, ಆದ್ದರಿಂದ ಕೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಋಣಿ. ಮಕ್ಕಳ ಶಾಲೆಯ ಶಿಕ್ಷಕಿಯವರೊಂದಿಗೆ ಮಾತಾಡಿದ್ದೇನೆ, ಅವರು ಹೇಳಿಕೆ ಕೊಡಲು ಒಪ್ಪಿದ್ದಾರೆ. ಕಾಯಂ ಪಾಲಕನಾಗಲು ಅರ್ಜಿಯನ್ನು ನಾನಿರುವ ರಾಯಚೂರಿನಲ್ಲಿಯೇ ಹಾಕಬಹುದೇ?

ಗಂಗಾವತಿಯ ವಕೀಲರು:
ಆಗದು. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ ಪ್ರಕಾರ ಮಕ್ಕಳು ಸಾಮಾನ್ಯವಾಗಿ ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ಅದು ನಡೆಯಬೇಕು, ಅಂದರೆ ಕೊಪ್ಪಳದಲ್ಲಿ. ಮುಂದೆ ಹೈಕೋರ್ಟಿಗೆ ಹೋಗುವ ಪ್ರಸಂಗ ಬಂದರೂ ಕೊಪ್ಪಳದ ಪ್ರಕರಣಗಳು ಧಾರವಾಡ ಪೀಠಕ್ಕೆ ಸೇರುತ್ತವೆ, ರಾಯಚೂರಿನವು ಹೋಗುವ ಕಲಬುರಗಿಗಲ್ಲ. ಆದರೆ ಸಮಿತಿಯ ಆದೇಶ ಕೈಗೆ ಬರುವವರೆಗೆ ಆ ಅರ್ಜಿಗೆ ಅವಸರ ಮಾಡಬೇಡಿ. ನಾಳೆಯೇ ಆಸ್ಪತ್ರೆಯ ಕೆಲಸ ಮುಗಿಸಿ.